ವೆಲ್ಡಿಂಗ್ ಜನರೇಟರ್ ಭಾನುವಾರದವರೆಗೆ ಸಿಗುವುದಿಲ್ಲ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಶೆಡ್ಡಿನ ಡೀಸೆಲ್ ವೆಲ್ಡಿಂಗ್ ಜನರೇಟರಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸಿ ಹೊರಗೊಯ್ಯುವ ಬೀಡು ಕಬ್ಬಿಣದ ಕೊಳವೆ) ಸೀಳಿದೆ. ಕೂದಲೆಳೆಯಷ್ಟು ಬಿರುಕು, ಸುತ್ತ ಕಾಡಿಗೆ ಬಳಿದಂತೆ ಮಸಿ. ಕಳೆದ ವಾರ ಒಯ್ದವರು ಕಾದ ಎಂಜಿನ್ನನ್ನು ಮಳೆಯಲ್ಲೇ ಬಿಟ್ಟಿದ್ದರು. ಕೆಂಡದಂಥ ಬೀಡು ಕಬ್ಬಿಣದ ಮೇಲೆ ತಣ್ಣೀರು ಬಿದ್ದರೆ ಇನ್ನೇನಾಗುತ್ತದೆ? ಹೆಸರು ಬೇಡ, ಅವರಿಗೇ ಗೊತ್ತು.

‘ನಾವೇ ವೆಲ್ಡರುಗಳಲ್ಲವೇ, ಬೆಸೆದುಬಿಡೋಣ’ ಎಂದಿರಿ. ಬೀಡಿಗೆ ಹಾಕಿದ ಬೆಸುಗೆ ಆರುವಾಗ ಪಕ್ಕದಲ್ಲೇ ಮತ್ತೆ ಸೀಳುವುದು ಹೆಚ್ಚು. ಹೊಸದನ್ನೇ ತರಿಸಿದ್ದೇನೆ.

ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ನೆನೆಯಲು ಬಿಟ್ಟಿದ್ದೇನೆ. ದಯವಿಟ್ಟು ಯಾರೂ ಸುತ್ತಿಗೆ ಎತ್ತಿಕೊಂಡು ಬರಬೇಡಿ. ನಟ್ಟು ಕೂರುವ ಸ್ಟಡ್ (ತಿರುಪಿನ ಕಡ್ಡಿ) ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನೊಳಗೆ ಮುರಿದರೆ ಕೊರೆದು ತೆಗೆಯಲು ಇಡೀ ದಿನ ಹೋಗುತ್ತದೆ. ಹಳೆಯ ಗ್ಯಾಸ್ಕೆಟ್ (ಹೊಗೆ ಸೋರದಂತೆ ನಡುವೆ ಇಡುವ ತೆಳು ಹಾಳೆ) ಕೆರೆದು, ಹೆಡ್ಡಿನ ಮುಖಕ್ಕೆ ಸ್ಟೀಲ್ ಪಟ್ಟಿ ಇಟ್ಟು ಸಮವಿದೆಯೇ ನೋಡಿ, ಹೊಸ ಗ್ಯಾಸ್ಕೆಟ್ ಕೂರಿಸಿ, ನಡುವಿನಿಂದ ಹೊರಕ್ಕೆ ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಒಮ್ಮೆ ಓಡಿಸಿ, ಪೂರ್ತಿ ಆರಿದ ಮೇಲೆ ಬಿಗಿ ಇನ್ನೊಮ್ಮೆ ನೋಡಬೇಕು.

ಟಾರ್ಕ್ ವ್ರೆಂಚ್ (ಎಷ್ಟು ಬಿಗಿಯಾಯಿತೆಂದು ಅಳೆದು ತೋರಿಸುವ ಪಾನಾ) ಇರುವವರು ಶನಿವಾರ ಬೆಳಿಗ್ಗೆ ತನ್ನಿ. ಎಷ್ಟೇ ಮಳೆಯಿರಲಿ, ಓಡಿಸಿ ನೋಡುವುದು ಅಂಗಳದಲ್ಲೇ, ತಗಡಿನ ಮರೆ ಕಟ್ಟಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಈ ಹೊಗೆ ಪ್ರಾಣ ತೆಗೆಯುತ್ತದೆ. ಮಳೆನೀರು ಒಳಗಿಳಿಯದಂತೆ ಸೈಲೆನ್ಸರಿನ ಬಾಯಿಗೊಂದು ಮುಚ್ಚಳವೂ ಬೇಕು, ಯಾರ ಬಳಿಯಾದರೂ ಇದೆಯೇ?