ಶಿವಮ್ಮನನ್ನು ಶಿವಮ್ಮನಂಥವರಿಗೂ ತೋರಿಸಿ

ಮಾನ್ಯ ಸಂಪಾದಕರೇ,

ಕನ್ನಡದ ಸ್ವತಂತ್ರ ಸಿನಿಮಾಗಳು ಎಲ್ಲ ಸೀಮೆಯ, ಎಲ್ಲ ಸ್ತರದ ಜನರನ್ನು ತೆರೆಗೆ ತರುತ್ತಿವೆ ಎಂಬ ಮಾತನ್ನು ಕೊಪ್ಪಳ ಜಿಲ್ಲೆಯಲ್ಲಿ ಮೂರು ದಶಕ ಪಾಠ ಮಾಡಿದ ನಾನು ಮನಸಾರೆ ಒಪ್ಪುತ್ತೇನೆ. ಆದರೂ ಒಂದು ಕೊರಗು ಉಳಿದಿದೆ.

2002ರಲ್ಲಿ ರಾಜ್ಯದ ಏಳು ಜಿಲ್ಲೆಗಳಲ್ಲಿ ಬಿಸಿಯೂಟ ಶುರುವಾದಾಗ ಅವುಗಳಲ್ಲಿ ನಮ್ಮದೂ ಒಂದು. ಅಂದಿನಿಂದ ಶಾಲೆಯ ಹೊಗೆ ತುಂಬಿದ ಕೋಣೆಯಲ್ಲಿ ಬೇಳೆ ಬೇಯಿಸಿ, ಮಕ್ಕಳ ತಟ್ಟೆ ತುಂಬಿಸಿ, ಕೊನೆಗೆ ತಳ ಹತ್ತಿದ ಪಾತ್ರೆ ತಿಕ್ಕುತ್ತ ಕೂರುವ ಹೆಂಗಸರನ್ನು ದಿನವೂ ಕಂಡಿದ್ದೇನೆ. ಅವರಲ್ಲೊಬ್ಬಳು ಸಿನಿಮಾದ ನಾಯಕಿಯಾದಾಳು ಎಂದು ನನಗೆಂದೂ ಹೊಳೆದಿರಲಿಲ್ಲ. ಜೈಶಂಕರ್ ಆರ್ಯರ್ ನಿರ್ದೇಶನದ, ನಮ್ಮ ಜಿಲ್ಲೆಯ ಯರೇಹಂಚಿನಾಳದ ಬಿಸಿಯೂಟದ ಅಡುಗೆಯವಳ ಕಥೆಯಾದ 'ಶಿವಮ್ಮ ಯರೇಹಂಚಿನಾಳ' ಚಿತ್ರ ಅದನ್ನು ಮಾಡಿ ತೋರಿಸಿತು. ಹಾಸಿಗೆ ಹಿಡಿದ ಗಂಡ, ಮದುವೆಗೆ ಬಂದ ಮಗಳು, ಚೈನ್ ಮಾರ್ಕೆಟಿಂಗಿಗೆ ಸುರಿದ ದುಡ್ಡು, ಇಷ್ಟರ ನಡುವೆಯೂ ಸೋಲೊಪ್ಪದ ನಡುವಯಸ್ಸಿನ ಹೆಂಗಸೇ ಅಲ್ಲಿ ಕಥೆಯ ಕೇಂದ್ರ. ಆ ಪಾತ್ರದಲ್ಲಿ ಶರಣಮ್ಮ ಚೆಟ್ಟಿ ಅವರು ಆಡುವ ಮಾತು ನಮ್ಮ ಓಣಿಯದೇ. ನಾನು ನೋಡಿದ ಎಷ್ಟೋ ಚಿತ್ರಗಳಲ್ಲಿ ಈ ಭಾಷೆ ಆಳಿಗೋ ಹಾಸ್ಯಗಾರನಿಗೋ ಮೀಸಲಾಗಿತ್ತು. ಇಲ್ಲಿ ಅದರಲ್ಲೇ ಒಬ್ಬಾಕೆ ಲೆಕ್ಕ ಹಾಕುತ್ತಾಳೆ, ಸಿಟ್ಟಾಗುತ್ತಾಳೆ, ಹಟ ಹಿಡಿಯುತ್ತಾಳೆ. ನೊದೆಕೊಪ್ಪಲಿನವರನ್ನೇ ನಟರನ್ನಾಗಿಸಿದ 'ತಿಥಿ' ಮಂಡ್ಯದ ಮಾತಿಗೆ 2015ರಲ್ಲೇ ಇಂಥ ಮರ್ಯಾದೆ ತಂದುಕೊಟ್ಟಿತ್ತು.

2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರಿಗೆ ಕೊಡುವ 'ನ್ಯೂ ಕರೆಂಟ್ಸ್' ಪ್ರಶಸ್ತಿ ಪಡೆದ 'ಶಿವಮ್ಮ' 2024ರ ಜೂನ್‌ನಲ್ಲಿ ಇಲ್ಲಿ ಬಿಡುಗಡೆಯಾಯಿತು. ನಾನು ನೋಡಿದ್ದು ಬೆಂಗಳೂರಿನ ಮಗನ ಮನೆಗೆ ಹೋದಾಗ, ಮಲ್ಟಿಪ್ಲೆಕ್ಸ್ ಒಂದರ ಮಧ್ಯಾಹ್ನದ ಪ್ರದರ್ಶನದಲ್ಲಿ. ಹೊರಬರುವಾಗ ಇಬ್ಬರು ಹುಡುಗರು ಕೆಲವು ಮಾತು ತಿಳಿಯಲಿಲ್ಲ ಎಂದರು. "ಹೊಳ್ಳಿ ಒಮ್ಮೆ ನೋಡ್ರಿ, ತಿಳಿತೈತಿ" ಎಂದೆ. "'ಹೊಳ್ಳಿ' ಅಂದ್ರೇನು ಆಂಟಿ?" ಎಂದು ಒಬ್ಬ ಕೇಳಿದ. ಅಣಕವಿರಲಿಲ್ಲ, ನಿಜಕ್ಕೂ ತಿಳಿಯುವ ಆಸೆಯಿತ್ತು. ಅವನಿಗೆ 'ತಿರುಗಿ' ಎಂದು ಅರ್ಥ ಹೇಳುವಾಗ ಆದ ಸಂತೋಷವನ್ನು ಇನ್ನೂ ಮರೆತಿಲ್ಲ.

ಆದರೆ ಊರಿಗೆ ಮರಳಿ, ನಮ್ಮ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದವರಿಗೆ ಈ ಕಥೆ ಹೇಳಿದಾಗ, "ನಮ್ಮಂಥಾಕಿ ಸಿನಿಮಾನೂ ಬಂದೈತೇನ್ರಿ ಟೀಚರ್?" ಎಂದು ಅವರು ಬೆರಗಾದರು. ತೆರೆಯ ಮೇಲೆ ಯಾರ ಬದುಕಿದೆಯೋ ಅವರಿಗೇ ಸುದ್ದಿ ಮುಟ್ಟದಿದ್ದರೆ ಆ ಪ್ರಾತಿನಿಧ್ಯ ಎಲ್ಲಿಗೆ ಬಂದಂತಾಯಿತು? ನಿರ್ಮಾಪಕರನ್ನು ದೂರಿ ಫಲವಿಲ್ಲ. ಇಂಥ ಚಿತ್ರವನ್ನು ಸಣ್ಣ ಊರುಗಳ ಟಾಕೀಸಿನಲ್ಲಿ ವಾರಗಟ್ಟಲೆ ಓಡಿಸುವಷ್ಟು ಹಣ ಅವರ ಕೈಯಲ್ಲಿ ಎಲ್ಲಿಂದ ಬರಬೇಕು?

2025–26ರ ಬಜೆಟ್‌ನಲ್ಲಿ ಸರ್ಕಾರ ತನ್ನದೇ ಒಟಿಟಿ ವೇದಿಕೆಯನ್ನು ಘೋಷಿಸಿದೆ. ಒಳ್ಳೆಯದೇ. ಆದರೆ ಮನೆಗೊಂದೇ ಮೊಬೈಲು, ಅದೂ ಮಗನ ಕೈಯಲ್ಲಿರುವ ಕಡೆ ತಾಯಿ ಎರಡು ತಾಸು ಕೂತು ಸಿನಿಮಾ ನೋಡುವುದು ಆಗದ ಮಾತು. ನಾವು ಚಿಕ್ಕವರಿದ್ದಾಗ ವಾರ್ತಾ ಇಲಾಖೆಯ ವ್ಯಾನು ಊರಿಗೆ ಬಂದು, ಗುಡಿಯ ಮುಂದೆ ಬಿಳಿ ಪರದೆ ಕಟ್ಟಿ ಚಿತ್ರ ತೋರಿಸುತ್ತಿತ್ತು. ನಾವು ಸಂಜೆಯೇ ಚಾಪೆ ಹಾಸಿ ಜಾಗ ಹಿಡಿಯುತ್ತಿದ್ದೆವು. ಆ ಇಲಾಖೆ ಮತ್ತು ಕರ್ನಾಟಕ ಚಲನಚಿತ್ರ ಅಕಾಡೆಮಿ ಕೈಜೋಡಿಸಿ, ನಿರ್ಮಾಪಕರಿಗೆ ಸಲ್ಲಬೇಕಾದ ಹಣ ಸಲ್ಲಿಸಿ, ಇಂಥ ಚಿತ್ರಗಳನ್ನು ತಾಲ್ಲೂಕು ಕೇಂದ್ರಗಳಲ್ಲಿ ಉಚಿತವಾಗಿ ತೋರಿಸಬೇಕು. ಶಾಲೆಯ ಸಭಾಂಗಣ, ಒಂದು ಪ್ರೊಜೆಕ್ಟರ್ ಇದ್ದರೆ ಸಾಕು. ಶಿವಮ್ಮನ ಊರಿನ ಕಡೆಯ ಕುಕನೂರು, ಯಲಬುರ್ಗಾದಿಂದ ಇದು ಶುರುವಾಗಲಿ. ಬಿಸಿಯೂಟದವರು ಪಾತ್ರೆ ತೊಳೆದಿಟ್ಟು ಬರುವಷ್ಟು ಹೊತ್ತು ಬಿಟ್ಟು, ಸಂಜೆ ನಾಲ್ಕರ ನಂತರ ಪ್ರದರ್ಶನ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ.

— ನಿವೃತ್ತ ಶಿಕ್ಷಕಿ, ಕೊಪ್ಪಳ ಜಿಲ್ಲೆ