ಗೆಲುವು ಕೈತಪ್ಪಿದ್ದು ಯಾವ ನಡೆಯಲ್ಲಿ?

ಮಾನ್ಯರೇ,

ರಜೆ ಬಂತೆಂದರೆ ಮೈಸೂರು, ಮಂಡ್ಯದ ಚೆಸ್ ಪಂದ್ಯಾವಳಿಗಳ ಫಲಿತಾಂಶ ಪತ್ರಿಕೆಯಲ್ಲಿ ಬರುತ್ತದೆ: ಯಾರಿಗೆ ಎಷ್ಟು ಅಂಕ, ಯಾರಿಗೆ ಟ್ರೋಫಿ. ಆ ಪಟ್ಟಿಯಲ್ಲಿ ಡ್ರಾಗೆ ಸಿಕ್ಕ ಅರ್ಧ ಅಂಕಗಳ ಹಿಂದೆ ಗೆಲ್ಲಬೇಕಾಗಿದ್ದ ಆಟಗಳು ಎಷ್ಟೋ ಇರುತ್ತವೆ. ಆಟ ಮುಗಿದ ತಕ್ಷಣ ಮಕ್ಕಳು ಮೊಬೈಲಿನಲ್ಲಿ ಎಂಜಿನ್ (ನಡೆಗಳನ್ನು ಲೆಕ್ಕ ಹಾಕುವ ಚೆಸ್ ತಂತ್ರಾಂಶ) ಓಡಿಸುತ್ತಾರೆ, ಅದು ‘32ನೇ ನಡೆ ತಪ್ಪು’ ಎನ್ನುತ್ತದೆ, ಅಲ್ಲಿಗೆ ಪಾಠ ಮುಗಿಯಿತು. ತಪ್ಪಿದ್ದೆಲ್ಲಿ ಎಂಬುದು ಎಂಜಿನ್‌ಗೆ ಗೊತ್ತು. ಏಕೆ ತಪ್ಪಿತೆಂಬುದು ಆಡಿದವರಿಗೆ ಮಾತ್ರ ಗೊತ್ತು, ಅದೂ ಒಂದೆರಡು ದಿನ.

ಆದ್ದರಿಂದ ಅವತ್ತೇ, ಎಂಜಿನ್ ಮುಟ್ಟುವ ಮೊದಲು, ಆಟವನ್ನು ಹಲಗೆಯ ಮೇಲೆ ಮತ್ತೆ ಆಡಬೇಕು. ‘ಇಲ್ಲಿ ಗೆದ್ದೆ ಅನ್ನಿಸಿತು’ ಎಂಬ ನಡೆಗೆ ಗುರುತು ಹಾಕಿ, ಆಗ ಗಡಿಯಾರದಲ್ಲಿ ಎಷ್ಟು ನಿಮಿಷ ಉಳಿದಿತ್ತು, ಬೇರೆ ಯಾವ ನಡೆ ಯೋಚಿಸಿದ್ದಿರಿ ಎಂದು ಬರೆಯಬೇಕು. ಗೆಲ್ಲುವ ನಡೆ ಕಣ್ಣಿಗೇ ಬೀಳಲಿಲ್ಲವೇ, ಕಂಡರೂ ಲೆಕ್ಕ ತಪ್ಪಿ ಬಿಟ್ಟಿರೇ, ಇಲ್ಲಾ ‘ಇನ್ನೇನು ಗೆದ್ದಾಯಿತು’ ಎಂದು ಮೈಮರೆತಿರೇ? ಮೂರಕ್ಕೂ ಮದ್ದು ಬೇರೆ. ಮೊದಲನೆಯದಕ್ಕೆ ದಿನಕ್ಕೆ ಹತ್ತು ಹದಿನೈದು ಪಜಲ್ ಸಾಕು. ಹಿಂದಕ್ಕೆ ಸರಿದು ಗೆಲ್ಲುವ ನಡೆಗಳನ್ನೇ ಹೆಚ್ಚು ಬಿಡಿಸಬೇಕು, ಕಣ್ಣು ಸದಾ ಮುಂದಕ್ಕೇ ಓಡುತ್ತದೆ. ಎರಡನೆಯದಕ್ಕೆ ಕಾಯಿ ಮುಟ್ಟದೆ ಲೆಕ್ಕ ಹಾಕಿ, ಕೊನೆಯ ಸ್ಥಿತಿಯನ್ನು ಕಾಗದದ ಮೇಲೆ ಬರೆಯುವ ಅಭ್ಯಾಸ ಬೇಕು. ಮೂರನೆಯದಕ್ಕೆ ಎಂಡ್‌ಗೇಮ್ (ಕೆಲವೇ ಕಾಯಿ ಉಳಿದ ಕೊನೆಯ ಘಟ್ಟ) ಕಲಿಯದೆ ದಾರಿಯಿಲ್ಲ.

ಎಂಜಿನ್ ಹಚ್ಚಿದ ಮೇಲೂ ಯಾರು ಎಷ್ಟು ಮುಂದಿದ್ದಾರೆಂದು ಅದು ತೋರಿಸುವ ಅಂಕಿಯನ್ನು ತೂಗಿ ನೋಡಬೇಕು; + ಎಂದರೆ ಬಿಳಿ ಮುಂದೆ, 0 ಎಂದರೆ ಸಮ. +6 ಇದ್ದದ್ದು +4 ಆದರೆ ಗೆಲುವೇನೂ ಹೋಗಿಲ್ಲ. +2.5 ಇದ್ದದ್ದು 0 ಆಯಿತೇ, ಅಲ್ಲಿ ನಿಲ್ಲಿ. ಎಂಜಿನ್ ಒಂದರ ಬದಲು ಮೂರು ಒಳ್ಳೆಯ ನಡೆಸಾಲು ತೋರಿಸುವಂತೆ ಇಟ್ಟುಕೊಂಡರೆ ಗೆಲ್ಲುವ ನಡೆ ಒಂದೇ ಇತ್ತೋ, ಹಲವು ಇದ್ದವೋ ತಿಳಿಯುತ್ತದೆ. ಒಂಬತ್ತು ನಡೆಯ ಮೇಟ್ ತಪ್ಪಿಸಿಕೊಂಡದ್ದಕ್ಕೆ ಹನ್ನೆರಡು ವರ್ಷದ ಹುಡುಗನನ್ನು ಬೈಯುವುದು ತೀರ ಅನ್ಯಾಯ. ಹಲಗೆಯಲ್ಲಿ ರಾಜರೂ ಸೇರಿ ಏಳು ಅಥವಾ ಕಡಿಮೆ ಕಾಯಿ ಉಳಿದಿದ್ದರೆ ಟೇಬಲ್‌ಬೇಸ್ (ಇಂಥ ಸ್ಥಿತಿಗಳನ್ನೆಲ್ಲ ಮೊದಲೇ ಪೂರ್ತಿ ಲೆಕ್ಕ ಹಾಕಿಟ್ಟ ದತ್ತಾಂಶ) ನೋಡಿ. ಅಲ್ಲಿ ಅಂದಾಜಿಲ್ಲ, ಗೆಲುವು, ಡ್ರಾ, ಸೋಲು ಎಂಬ ತೀರ್ಪೇ ಸಿಗುತ್ತದೆ.

ಒಂದು ಉದಾಹರಣೆ. ಹಲಗೆಯ ಉದ್ದಸಾಲುಗಳಿಗೆ ಬಿಳಿಯ ಎಡದಿಂದ ಎಯಿಂದ ಎಚ್, ಅಡ್ಡಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8 ಎಂದು ಹೆಸರು. ಬಿಳಿ ರಾಜ ಇ4ರಲ್ಲಿ, ಬಿಳಿ ಕಾಲಾಳು ಇ2ರಲ್ಲಿ, ಕಪ್ಪು ರಾಜ ಇ6ರಲ್ಲಿ, ಸರದಿ ಬಿಳಿಯದು. ಕಾಲಾಳನ್ನು ಇ3ಕ್ಕೆ ದೂಡಿದರೆ ಗೆಲುವು. ರಾಜರಿಬ್ಬರೂ ಎದುರುಬದುರಾಗಿರುವಾಗ ಕದಲಬೇಕಾದದ್ದು ಕಪ್ಪು. ಅದು ಡಿ6ಕ್ಕೆ ಸರಿದರೆ ಬಿಳಿ ರಾಜ ಎಫ್5ಕ್ಕೆ, ಎಫ್6ಕ್ಕೆ ಸರಿದರೆ ಡಿ5ಕ್ಕೆ, ಹಿಂದೆ ಸರಿದರೆ ಇ5ಕ್ಕೆ ನುಗ್ಗುತ್ತದೆ. ಈಗ ಅದೇ ಸ್ಥಿತಿಯಲ್ಲಿ ಕಾಲಾಳು ಮೊದಲೇ ಇ3ರಲ್ಲಿದೆ ಎಂದುಕೊಳ್ಳಿ. ಬಿಳಿಯೇ ರಾಜನನ್ನು ಕದಲಿಸಬೇಕು, ಆಟ ಡ್ರಾ. ಕೈಯಲ್ಲಿ ಉಳಿಸಿಕೊಂಡ ಒಂದು ನಡೆಯೇ ಇಲ್ಲಿ ಪೂರ್ತಿ ಬಂಡವಾಳ. ರಾಣಿ, ಆನೆಗಳು ಹಲಗೆಯ ಮೇಲಿದ್ದಾಗ ಬೇರೇನೂ ತೋಚದೆ ಕಾಲಾಳನ್ನು ಇ3ಕ್ಕೆ ದೂಡಿದ್ದನ್ನು ಆಗ ಎಂಜಿನ್ ಕೂಡ ತಪ್ಪೆನ್ನದೆ ಇರಬಹುದು.

ಆನೆಗಳ ಎಂಡ್‌ಗೇಮ್ ಇನ್ನೊಂದು ಗುಂಡಿ. ಬಿಳಿ ರಾಜ ಜಿ8, ಕಾಲಾಳು ಜಿ7, ಆನೆ ಎಫ್1. ಕಪ್ಪು ರಾಜ ಇ7, ಆನೆ ಎಚ್2. ಲೂಸೆನಾ ಎಂದು ಹೆಸರಾದ ಸ್ಥಿತಿ ಇದು. ಬಿಳಿ ಆನೆ ಎಫ್4ಕ್ಕೆ ಬರಬೇಕು. ಕಪ್ಪು ಆನೆ ಎಚ್1ಕ್ಕೆ ಹೋದರೆ ಇ4ರಿಂದ ಚೆಕ್ ಕೊಟ್ಟು ಕಪ್ಪು ರಾಜನನ್ನು ದೂರ ಕಳಿಸಿ, ನಂತರ ಬಿಳಿ ರಾಜ ಹೊರಬಂದಾಗ ಬೀಳುವ ಚೆಕ್‌ಗಳನ್ನು ಕೊನೆಗೆ ಜಿ4ಕ್ಕೆ ಆನೆ ತಂದು ತಡೆಯಬೇಕು. ನಾಲ್ಕನೇ ಅಡ್ಡಸಾಲು ಗೊತ್ತಿಲ್ಲದವರು ಇ1ರಿಂದ ಚೆಕ್ ಕೊಟ್ಟು ರಾಜನನ್ನು ಓಡಾಡಿಸುತ್ತ ಸಮಯ ಕಳೆಯುತ್ತಾರೆ; ಅದೇ ಸ್ಥಿತಿ ಮೂರು ಸಲ ಬಂದರೆ ಎದುರಾಳಿ ಡ್ರಾ ಕೇಳಬಹುದು.

ಎ ಸಾಲಿನ ಬಿಳಿ ಕಾಲಾಳಿನ ಜೊತೆ ಕಪ್ಪು ಮನೆಯ ಒಂಟೆ ಮಾತ್ರ ಉಳಿದು, ಎದುರಾಳಿ ರಾಜ ಎ8 (ಬಿಳಿ ಮನೆ) ಹಿಡಿದರೆ ಅದೂ ಡ್ರಾ. ಒಂಟೆಗಳನ್ನು ಬದಲಾಯಿಸುವ ಮುನ್ನವೇ ಇದು ತಲೆಯಲ್ಲಿರಬೇಕು. ಕಪ್ಪು ರಾಜ ಎ8ರಲ್ಲಿ ಒಂಟಿಯಾಗಿರುವಾಗ ಬಿಳಿ ರಾಣಿಯನ್ನು ಬಿ6ಕ್ಕೋ ಸಿ7ಕ್ಕೋ ಇಟ್ಟರೆ ಸ್ಟೇಲ್‌ಮೇಟ್ (ಚೆಕ್ ಇಲ್ಲದೆಯೂ ಆಡಲು ನಡೆಯೇ ಇಲ್ಲದ ಡ್ರಾ) ಎಂಬುದನ್ನು ಚೆಸ್ ಶಿಬಿರದ ಮೊದಲ ವಾರವೇ ಹೇಳಿಕೊಡಬೇಕು. ಆಟದ ಮೊದಲ ಹತ್ತು ನಡೆಯ ಓಪನಿಂಗ್ ಬಾಯಿಪಾಠಕ್ಕೆ ಸಿಗುವ ಸಮಯ ಇದಕ್ಕೆ ಸಿಗುವುದಿಲ್ಲ.

ರ್‍ಯಾಪಿಡ್ (ಕಡಿಮೆ ಸಮಯದ) ಪಂದ್ಯಗಳಲ್ಲಿ ನಡೆ ಬರೆಯುವ ಕಡ್ಡಾಯವಿಲ್ಲ. ಹಾಗಾಗಿ ವಿಶ್ಲೇಷಿಸಲು ಹಾಳೆಯೇ ಇರುವುದಿಲ್ಲ. ಆಟ ಮುಗಿದೊಡನೆ ಕೊನೆಯ ಸ್ಥಿತಿಯನ್ನಾದರೂ ಬರೆದಿಟ್ಟು, ನೆನಪಿರುವಷ್ಟು ಹಿಂದಕ್ಕೆ ಹೋಗಬಹುದು.

ಕುದುರೆ ಎಲ್ಲ ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಕುದುರೆ ನಡೆಯ ಬಂಧಗಳನ್ನು ರಚಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರ ಊರು ಮೈಸೂರು. ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ತೇಜ್‌ಕುಮಾರ್ ಕೂಡ ಇಲ್ಲಿಯವರೇ. ಪತ್ರಿಕೆಯು ಫಲಿತಾಂಶದ ಪಕ್ಕದಲ್ಲಿ ಸ್ಥಳೀಯ ಆಟವೊಂದರ ಕೈತಪ್ಪಿದ ಗೆಲುವಿನ ಚಿತ್ರವನ್ನು ವಾರಕ್ಕೊಮ್ಮೆ ಹಾಕಿ, ಉತ್ತರವನ್ನು ಮರುವಾರ ಕೊಡಬಹುದು. ಆಟಗಾರರ ಹೆಸರು ಬೇಡ, ಯಾರ ಸರದಿ ಎಂದು ಮಾತ್ರ ತಪ್ಪದೆ ಬರೆಯಿರಿ. ಅಚ್ಚಿಗೆ ಹೋಗುವ ಮೊದಲು ಚಿತ್ರವನ್ನು ಎರಡು ಸಲ ನೋಡಬೇಕಾಗುತ್ತದೆ: ಇ2ರ ಕಾಲಾಳು ಇ3ರಲ್ಲಿ ಅಚ್ಚಾದರೆ ಇಡೀ ಜಿಲ್ಲೆ ಒಂದು ವಾರ ಇಲ್ಲದ ಗೆಲುವನ್ನು ಹುಡುಕುತ್ತ ಕೂರುತ್ತದೆ.

– ಚೆಸ್ ಆಸಕ್ತರು, ಸರಸ್ವತಿಪುರಂ, ಮೈಸೂರು