ಹಿಂದೆ ದೀಪ ಇಲ್ಲದ ಕಬ್ಬಿನ ಟ್ರೇಲರ್‌ಗೆ ಕಾಟಾ (ತೂಕ) ಮಾಡಬೇಡಿ

ಮಾನ್ಯ ಸಂಪಾದಕರೇ, ನಮಸ್ಕಾರ.

ಕಬ್ಬಿನ ಹಂಗಾಮು ಮತ್ತೆ ಶುರುವಾಗಿದೆ. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ, ಆಚೆ ಬೆಳಗಾವಿ, ವಿಜಯಪುರದ ಕಡೆಗೂ, ಹೊತ್ತು ಮುಳುಗಿದರೆ ರಸ್ತೆ ತುಂಬಾ ಕಬ್ಬಿನ ಟ್ರ್ಯಾಕ್ಟರ್‌ಗಳೇ. ನಾನೂ ಕಬ್ಬು ಬೆಳೆಯುವವನು. ಮನೆಯಲ್ಲಿ ಒಂದು ಟ್ರ್ಯಾಕ್ಟರ್, ಎರಡು ಟ್ರೇಲರ್ ಇವೆ. ಅದಕ್ಕೇ ಇದನ್ನು ಪಟ್ಟಣದಿಂದ ಕಾರಿನಲ್ಲಿ ಬಂದವರ ದೂರು ಅಂತ ಓದಬೇಡಿ. ತಪ್ಪು ಮಾಡಿದ ಒಬ್ಬ ರೈತ ಬರೆಯುತ್ತಿದ್ದೇನೆ.

ಎರಡು ಹಂಗಾಮಿನ ಹಿಂದಿನ ಮಾತು. ಜನವರಿ ತಿಂಗಳು, ರಾತ್ರಿ ಒಂಬತ್ತೂವರೆ ಇರಬೇಕು. ನಮ್ಮ ಟ್ರ್ಯಾಕ್ಟರ್ ಎರಡೂ ಟ್ರೇಲರ್ ತುಂಬಿಕೊಂಡು ಕಾರ್ಖಾನೆಗೆ ಹೊರಟಿತ್ತು. ಊರ ಹೊರಗೆ ಕಾಲುವೆ ಸೇತುವೆ ದಾಟಿದ ಮೇಲೆ ಹಿಂದಿನ ಟ್ರೇಲರ್‌ನ ಟೈರ್ ಪಂಕ್ಚರ್ ಆಯಿತು. ಡ್ರೈವರ್ ಫೋನ್ ಮಾಡಿದ. ನಾನು ಕೇಳಿದ್ದು ಒಂದೇ, ಹಿಂದೆ ಏನಾದರೂ ಇಟ್ಟಿದ್ದೀಯಾ ಅಂತ. "ಕಲ್ಲು ಇಟ್ಟೇನ್ರಿ, ಬೇವಿನ ಟೊಂಗಿ ಮುರಿದು ಹಾಕೇನಿ" ಅಂದ. ನಾನು ಸರಿ ಅಂದೆ. ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ. ಪಂಕ್ಚರ್ ಹಾಕುವವನನ್ನು ಎಬ್ಬಿಸಿಕೊಂಡು ನಾನು ಹೊರಡುವಷ್ಟರಲ್ಲಿ ಇನ್ನೊಂದು ಫೋನ್ ಬಂತು.

ಪಕ್ಕದ ಊರಿನ ಹುಡುಗ. ಇಪ್ಪತ್ತೆರಡು ವರ್ಷ. ಕೆಲಸ ಮುಗಿಸಿ ಬೈಕಿನಲ್ಲಿ ಮನೆಗೆ ಹೋಗುತ್ತಿದ್ದ. ಎದುರಿಗೆ ಬಂದ ಲಾರಿ ಲೈಟ್ ಡಿಪ್ ಮಾಡಿರಲಿಲ್ಲ, ಕಣ್ಣು ಕತ್ತಲೆ ಬಂದ ಹಾಗಾಯಿತು, ಲಾರಿ ದಾಟಿತು ಅನ್ನುವಷ್ಟರಲ್ಲಿ ಅವನು ನಮ್ಮ ಕಬ್ಬಿನೊಳಗೆ ಇದ್ದ. ಟ್ರೇಲರ್‌ನಿಂದ ಹಿಂದಕ್ಕೆ ಚಾಚಿಕೊಂಡಿದ್ದ ಕಬ್ಬಿನ ತುದಿಗಳು ಸರಿಯಾಗಿ ಬೈಕಿನವನ ಎದೆ, ಮುಖದ ಎತ್ತರಕ್ಕೇ ಇರುತ್ತವೆ. ಹೆಲ್ಮೆಟ್ ಹಾಕಿದ್ದ, ಗದ್ದದ ಕೆಳಗೆ ಪಟ್ಟಿಯನ್ನೂ ಬಿಗಿಯಾಗಿ ಕಟ್ಟಿದ್ದ. ಅದಕ್ಕೇ ತಲೆ ಉಳಿಯಿತು ಅಂತ ಡಾಕ್ಟರು ಹೇಳಿದರು. ಕಾಲಿಗೆ ರಾಡ್ ಹಾಕಿದರು, ದವಡೆಗೆ ತಂತಿ. ಆಸ್ಪತ್ರೆಯಲ್ಲಿ ನಾನು ಹೋಗಿ ನಿಂತಾಗ ಅವನು ಬೈಯಲಿಲ್ಲ. ಬಾಯಿ ಸರಿಯಾಗಿ ತೆರೆಯಲಿಕ್ಕೆ ಆಗದೆ, ತಡೆದು ತಡೆದು, "ಗಾಡಿ ಕಾಣಲೇ ಇಲ್ರಿ ಕಾಕಾ" ಅಂದ. ಅಷ್ಟೇ.

ಅವನು ಹೇಳಿದ್ದು ನಿಜ. ಕಾಣಲಿಕ್ಕೆ ಅಲ್ಲಿ ಏನೂ ಇರಲಿಲ್ಲ. ಟ್ರೇಲರ್ ತಂದಾಗ ಹಿಂದೆ ಎರಡು ಕೆಂಪು ದೀಪ ಇದ್ದವು, ಟ್ರ್ಯಾಕ್ಟರ್‌ನಿಂದ ವೈರು ಬಂದು ಸಾಕೆಟ್‌ಗೆ ಕೂರುತ್ತಿತ್ತು. ಮೊದಲ ಹಂಗಾಮಿನಲ್ಲೇ ಕಬ್ಬು ಇಳಿಸುವಾಗ ಒಂದು ದೀಪ ಒಡೆಯಿತು, ವೈರು ಎಲ್ಲೋ ಸಿಕ್ಕಿ ಹರಿಯಿತು. ಆಮೇಲೆ ಹಾಕಿಸೋಣ ಅಂದುಕೊಂಡವನು ನಾನೇ, ಹಾಕಿಸದೇ ಬಿಟ್ಟವನೂ ನಾನೇ. ರಿಫ್ಲೆಕ್ಟರ್ ಪಟ್ಟಿ ಇತ್ತು, ಸುಳ್ಳು ಹೇಳುವುದಿಲ್ಲ, ಆ ವರ್ಷ ಪೊಲೀಸರೇ ಕಾರ್ಖಾನೆಯ ಯಾರ್ಡಿಗೆ ಬಂದು ಅಂಟಿಸಿ ಹೋಗಿದ್ದರು. ಆದರೆ ಅಂಟಿಸಿದ್ದು ಎಲ್ಲಿ? ಟ್ರೇಲರ್‌ನ ಹಿಂದಿನ ತಗಡಿಗೆ. ಕಬ್ಬು ಹೇರಿದ ಮೇಲೆ ಹಿಂದಕ್ಕೆ ಮೂರು ನಾಲ್ಕು ಅಡಿ ಚಾಚಿ, ಸೋಗೆ ಕೆಳಗೆ ಜೋತು ಬಿದ್ದು, ತಗಡು ಪೂರ್ತಿ ಮುಚ್ಚಿ ಹೋಗುತ್ತದೆ. ಖಾಲಿ ಟ್ರೇಲರ್‌ನಲ್ಲಿ ಫಳಫಳ ಹೊಳೆಯುವ ಪಟ್ಟಿ, ತುಂಬಿದ ಟ್ರೇಲರ್‌ನಲ್ಲಿ ಇದ್ದೂ ಇಲ್ಲ. ಇದನ್ನು ರಾತ್ರಿ ಹೊತ್ತು ಹಿಂದೆ ನಿಂತು ಒಮ್ಮೆ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ.

ಬೈಕಿನವರು ಜೋರಾಗಿ ಬರುತ್ತಾರೆ, ನೋಡಿಕೊಂಡು ಬರಬೇಕು ಅಂತ ನಮ್ಮವರು ಹೇಳುತ್ತಾರೆ. ನಾನೂ ಹಿಂದೆ ಹಾಗೇ ಹೇಳುತ್ತಿದ್ದೆ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಡಿಪ್ ಲೈಟಿನಲ್ಲಿ ಬೈಕಿನವನಿಗೆ ಸ್ಪಷ್ಟವಾಗಿ ಕಾಣುವುದು ಮೂವತ್ತು, ಹೆಚ್ಚೆಂದರೆ ನಲವತ್ತು ಮೀಟರ್. ಒಣಗಿದ ಸೋಗೆ, ಮಣ್ಣು ಮೆತ್ತಿದ ಟೈರು, ಕತ್ತಲೆ, ಎಲ್ಲಾ ಒಂದೇ ಬಣ್ಣ. ಅಂದರೆ ಅವನ ಕೈಯಲ್ಲಿ ಇರುವುದು ಎರಡು ಸೆಕೆಂಡು. ಅದರಲ್ಲಿ ಒಂದೂವರೆ ಸೆಕೆಂಡು ಇದೇನು ಅಂತ ತಿಳಿದು ಬ್ರೇಕಿಗೆ ಕೈ ಹೋಗುವುದಕ್ಕೇ ಬೇಕು. 60ರ ವೇಗದಲ್ಲಿ ಬರುವ ಗಾಡಿ ಪೂರ್ತಿ ನಿಲ್ಲಲು 40ರಿಂದ 45 ಮೀಟರ್ ಹಿಡಿಯುತ್ತದೆ. ನಿಯಮ ಮೀರದೆ, ಕುಡಿಯದೆ, ಹೆಲ್ಮೆಟ್ ಹಾಕಿಕೊಂಡು ಬರುವವನೂ ಗುದ್ದುವ ಲೆಕ್ಕ ಇದು. ಎದುರಿಗೆ ಹೈಬೀಮ್ ಇದ್ದರೆ ಆ ಎರಡು ಸೆಕೆಂಡೂ ಇಲ್ಲ. ಹಿಂದೆ ಕೆಂಪು ದೀಪ ಒಂದು ಉರಿಯುತ್ತಿದ್ದರೆ ಅವನು ನೂರಾರು ಮೀಟರ್ ದೂರದಿಂದಲೇ ಕೈ ಸಡಿಲ ಬಿಡುತ್ತಿದ್ದ, ಅಲ್ವಾ?

ಕೇಂದ್ರ ಸಾರಿಗೆ ಇಲಾಖೆಯ 2022ರ ವರದಿ ಪ್ರಕಾರ ಆ ವರ್ಷ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅಪಘಾತಗಳಲ್ಲಿ ಐದಕ್ಕೆ ಒಂದಕ್ಕಿಂತ ಜಾಸ್ತಿ ಹಿಂದಿನಿಂದ ಗುದ್ದಿ ಆದವು. ಹೆಲ್ಮೆಟ್ ಇಲ್ಲದೆ ಸತ್ತವರೇ ಐವತ್ತು ಸಾವಿರ ದಾಟುತ್ತಾರೆ. ನಮ್ಮ ರಾಜ್ಯದಲ್ಲಿ ಹೆಲ್ಮೆಟ್ ಇಲ್ಲದಿದ್ದರೆ 500 ರೂಪಾಯಿ ದಂಡ, ಅದನ್ನು ಹಿಡಿಯಲು ಎಲ್ಲಾ ಕಡೆ ಪೊಲೀಸರು ನಿಲ್ಲುತ್ತಾರೆ, ನಿಲ್ಲಲಿ, ಒಳ್ಳೆಯದೇ. ಆ ಹುಡುಗ ಇವತ್ತು ಜೀವಂತ ಇರುವುದೇ ಅದರಿಂದ. ಆದರೆ ಅವನನ್ನು ಬೀಳಿಸಿದ ದೀಪವಿಲ್ಲದ ಗಾಡಿ ಅದೇ ಪೊಲೀಸರ ಮುಂದೆ ದಿನಾ ರಾತ್ರಿ ಹೋಗುತ್ತದೆ. ರೈತರ ಗಾಡಿ, ಬಿಡಿ ಅನ್ನುತ್ತಾರೆ. ಆ ಬಿಡಿ ಅನ್ನುವ ಮಾತು ನಮಗೆ ಮಾಡುವ ಉಪಕಾರ ಅಲ್ಲ. ಆ ರಸ್ತೆಯಲ್ಲಿ ಬೈಕಿನಲ್ಲಿ ಬರುವವರೂ ರೈತರ ಮಕ್ಕಳೇ.

ಕಾನೂನು ಇಲ್ಲ ಅಂತಲ್ಲ. ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ಒಂದು ವಾಹನವೇ. ಬೇರೆಯವರಿಗೆ ಅಪಾಯ ಆಗುವ ಹಾಗೆ ಗಾಡಿಯನ್ನು ರಸ್ತೆಯಲ್ಲಿ ಬಿಟ್ಟು ಹೋಗಬಾರದು ಅಂತ 122ನೇ ಸೆಕ್ಷನ್ ಹೇಳುತ್ತದೆ. ಮಿತಿ ಮೀರಿ ಹೊರಗೆ ಚಾಚುವ ಹಾಗೆ ಲೋಡ್ ಹೇರಿದರೆ 20,000 ರೂಪಾಯಿ ದಂಡ, 2019ರ ತಿದ್ದುಪಡಿಯಲ್ಲಿ ಬಂದದ್ದು. ರಸ್ತೆಗೆ ಅಡ್ಡಿ ಮಾಡಿದರೆ ಹಳೆಯ ದಂಡ ಸಂಹಿತೆಯಲ್ಲಿ 200 ರೂಪಾಯಿ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 285ನೇ ಸೆಕ್ಷನ್‌ನಲ್ಲಿ ಅದು 5,000ದವರೆಗೆ ಹೋಗುತ್ತದೆ. ಎಲ್ಲಾ ಇದೆ. ರಾತ್ರಿ ಹನ್ನೊಂದಕ್ಕೆ ಹೊಲದ ನಡುವಿನ ರಸ್ತೆಯಲ್ಲಿ ನಿಂತು ಅದನ್ನು ಜಾರಿ ಮಾಡುವವರು ಯಾರು? ಹಳ್ಳಿಗೊಬ್ಬ ಪೊಲೀಸರನ್ನು ನಿಲ್ಲಿಸಲು ಆಗುವುದಿಲ್ಲ, ಅದು ನನಗೂ ಗೊತ್ತು.

ಆದರೆ ಈ ಎಲ್ಲಾ ಗಾಡಿಗಳು ಒಂದು ಕಡೆ ನಿಂತೇ ನಿಲ್ಲುತ್ತವೆ. ಕಾರ್ಖಾನೆಯ ಗೇಟಿನಲ್ಲಿ. ಯಾರ್ಡಿನಲ್ಲಿ ಪಾಳಿ ಹಚ್ಚಿ ಎಷ್ಟೋ ಸಲ ಒಂದು ಹಗಲು ಒಂದು ರಾತ್ರಿ ಕಾಯುತ್ತೇವೆ. ಅಲ್ಲಿ ನಮ್ಮ ಕಬ್ಬನ್ನು ಎಷ್ಟು ಚೆನ್ನಾಗಿ ನೋಡುತ್ತಾರೆ ಅಂದರೆ, ರವದಿ (ಒಣ ಸೋಗೆ) ಜಾಸ್ತಿ ಇದ್ದರೆ ತೂಕದಲ್ಲಿ ಕಡಿತ, ಸುಟ್ಟ ಕಬ್ಬಾದರೆ ಇನ್ನೊಂದು ಕಡಿತ. ಕಬ್ಬಿನ ಒಂದೊಂದು ಸೋಗೆ ಎಣಿಸುವ ಕಣ್ಣಿಗೆ ಹಿಂದಿನ ದೀಪ ಉರಿಯುತ್ತಿದೆಯೋ ಇಲ್ಲವೋ ನೋಡುವುದು ಅರ್ಧ ನಿಮಿಷದ ಕೆಲಸ. ಅದಕ್ಕೇ ನಾನು ಕೇಳುವುದು ಒಂದೇ. ಹಿಂದೆ ದೀಪ ಇಲ್ಲದ, ಲೋಡಿನ ತುದಿಯಲ್ಲಿ ರಿಫ್ಲೆಕ್ಟರ್ ಇಲ್ಲದ ಟ್ರೇಲರ್‌ಗೆ ಕಾಟಾ ಮಾಡಬೇಡಿ, ಟೋಕನ್ ಕೊಡಬೇಡಿ. ಮೊದಲ ವಾರ ಗಲಾಟೆ ಆಗುತ್ತದೆ. ಎರಡನೇ ವಾರಕ್ಕೆ ಎಲ್ಲಾ ಟ್ರೇಲರ್‌ಗೂ ದೀಪ ಬಂದಿರುತ್ತದೆ, ಯಾಕೆಂದರೆ ಕಡಿದ ಕಬ್ಬು ಒಣಗುವುದನ್ನು ನೋಡುತ್ತಾ ಕೂರಲು ಯಾವ ರೈತನಿಗೂ ಆಗುವುದಿಲ್ಲ. ದಂಡಕ್ಕೆ ಹೆದರದವರೂ ಪಾಳಿ ತಪ್ಪುವುದಕ್ಕೆ ಹೆದರುತ್ತಾರೆ.

ಖರ್ಚಿನ ಮಾತು ಯಾರೂ ಎತ್ತಬೇಡಿ ದಯವಿಟ್ಟು. ಅಪಘಾತ ಆದ ಮೇಲೆ ನಮ್ಮ ಎರಡೂ ಟ್ರೇಲರ್‌ಗೆ ದೀಪ, ವೈರು, ಸಾಕೆಟ್ ಎಲ್ಲಾ ಸೇರಿ ಎರಡು ಸಾವಿರದ ಒಳಗೆ ಮುಗಿಯಿತು. ದೀಪಕ್ಕೆ ಮುಂದೆ ಒಂದು ಕಬ್ಬಿಣದ ಜಾಲರಿ ಬೆಸುಗೆ ಹಾಕಿಸಿದೆ, ಇಳಿಸುವಾಗ ಒಡೆಯಬಾರದು ಅಂತ. ಆಮೇಲೆ ಹಳೆಯ ಗೋಣಿಚೀಲಕ್ಕೆ ಅಡ್ಡಡ್ಡ ಎರಡು ಸಾಲು ಕೆಂಪು ರಿಫ್ಲೆಕ್ಟರ್ ಪಟ್ಟಿ ಹೊಲಿಸಿ, ಮೇಲೆ ಹಗ್ಗ ಕಟ್ಟಿಸಿದ್ದೇವೆ. ಲೋಡ್ ಹೇರಿ ಮುಗಿದ ಮೇಲೆ ಚಾಚಿದ ಕಬ್ಬಿನ ತುದಿಗೇ ಅದನ್ನು ಕಟ್ಟುವುದು, ಖಾಲಿ ಮಾಡುವ ಮುಂಚೆ ಬಿಚ್ಚಿ ಡ್ರೈವರ್ ಸೀಟಿನ ಕೆಳಗೆ ಇಡುವುದು. ಮೊದಮೊದಲು ಡ್ರೈವರ್ ಮರೆಯುತ್ತಿದ್ದ. ಈಗ ಹೇಳಬೇಕಾಗಿಲ್ಲ, ಲೈಟ್ ಬಿದ್ದರೆ ದೂರದಿಂದಲೇ ಕೆಂಪಗೆ ಹೊಳೆಯುತ್ತದೆ. ಟ್ರ್ಯಾಕ್ಟರ್‌ಗೆ ಹಾಡಿನ ಡೆಕ್ಕು, ಬಾಕ್ಸು ಅಂತ ಎಷ್ಟು ಸುರಿಯುತ್ತೇವೆ ನಾವು, ಮುಂದೆ ಕಟ್ಟುವ ಬಣ್ಣಬಣ್ಣದ ದೀಪ ಎಷ್ಟು! ಹಿಂದೆ ಮಾತ್ರ ಕತ್ತಲೆ. ಆ ಸದ್ದಿನಲ್ಲಿ ಹಿಂದಿನವರ ಹಾರ್ನ್ ಕೂಡ ಡ್ರೈವರ್‌ಗೆ ಕೇಳುವುದಿಲ್ಲ.

ಕಲ್ಲಿನ ವಿಷಯ ಒಂದು ಹೇಳಲೇಬೇಕು. ಪಂಕ್ಚರ್ ಆದಾಗ ಗಾಡಿ ಸುತ್ತ ತಲೆಗಾತ್ರದ ಕಲ್ಲು ಇಡುತ್ತೇವೆ. ಟೈರ್ ರಿಪೇರಿ ಆಗುತ್ತದೆ, ಗಾಡಿ ಹೊರಡುತ್ತದೆ, ಕಲ್ಲು ಅಲ್ಲೇ. ಬೆಳಗಿನ ಜಾವ ಹಾಲು ಹಾಕಲು ಹೋಗುವವರು, ವಾಕಿಂಗ್ ಹೋಗುವವರು, ಶಾಲೆಗೆ ಸೈಕಲ್ ತುಳಿಯುವ ಮಕ್ಕಳು ಅದಕ್ಕೆ ಎಡವುತ್ತಾರೆ. ನಾನು ಈಗ ಕಂಡಲ್ಲೆಲ್ಲಾ ಬೈಕ್ ನಿಲ್ಲಿಸಿ ಬದಿಗೆ ಸರಿಸುತ್ತೇನೆ. ಕಲ್ಲಿನ ಬದಲು ಮಡಚುವ ತ್ರಿಕೋನದ ರಿಫ್ಲೆಕ್ಟರ್ ಬೋರ್ಡು ಸಿಗುತ್ತದೆ, ಕಾರಿನವರು ಇಟ್ಟುಕೊಳ್ಳುತ್ತಾರಲ್ಲ ಅದೇ. ಅದನ್ನು ಗಾಡಿಯ ಕಾಲ ಬುಡದಲ್ಲಿ ಇಟ್ಟರೆ ಪ್ರಯೋಜನ ಇಲ್ಲ. ಐವತ್ತು ಹೆಜ್ಜೆ ಹಿಂದೆ ಹೋಗಿ ಇಡಬೇಕು, ತಿರುವು ಇದ್ದರೆ ತಿರುವಿಗಿಂತ ಮುಂಚೆ ಇಡಬೇಕು. ಸಾಧ್ಯ ಇದ್ದರೆ ಗಾಡಿಯನ್ನೇ ಡಾಂಬರಿನಿಂದ ಕೆಳಗೆ ಇಳಿಸಬೇಕು. ಟೈರು ಹಾಳಾಗುತ್ತದೆ ಅಂತ ಆ ರಾತ್ರಿ ನಾವು ಇಳಿಸಲಿಲ್ಲ.

ಆ ಹುಡುಗನನ್ನು ಆಸ್ಪತ್ರೆಗೆ ಒಯ್ದದ್ದು ಒಂದು ಹಾಲಿನ ಗಾಡಿಯವರು. ಅದಕ್ಕೂ ಮುಂಚೆ ಎರಡು ಮೂರು ವಾಹನ ನಿಧಾನ ಮಾಡಿ, ನೋಡಿ, ಹೋಗಿಬಿಟ್ಟವಂತೆ. ಕೇಸು, ಸಾಕ್ಷಿ ಅಂತ ಹೆದರಿಕೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳು ಅಂತ ಬಲವಂತ ಮಾಡುವಂತಿಲ್ಲ, ಇದು ಕಾಯ್ದೆಯಲ್ಲೇ ಇದೆ. 2025ರ ಮೇ ತಿಂಗಳಿಂದ ಅಪಘಾತದ ಗಾಯಾಳುಗಳಿಗೆ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದು ಕಟ್ಟದೆ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆಯೂ ಬಂದಿದೆ. ಆದರೆ ನಮ್ಮ ಹಳ್ಳಿಗಳಲ್ಲಿ ಎಷ್ಟು ಜನರಿಗೆ ಗೊತ್ತು? ಗ್ರಾಮ ಪಂಚಾಯ್ತಿ ಗೋಡೆಯ ಮೇಲೆ ಬರೆಸಿದರೂ ಸಾಕು.

2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ನಮ್ಮ ರೈತರು ದಿನಗಟ್ಟಲೆ ರಸ್ತೆಯಲ್ಲಿ ಕೂತು, ಟನ್ನಿಗೆ 3,300 ರೂಪಾಯಿಯ ಮಾತು ಪಡೆದುಕೊಂಡರು. ನ್ಯಾಯವಾದ ಹೋರಾಟ. ನಾವು ಒಟ್ಟಾಗಿ ಕೂತರೆ ಏನಾಗುತ್ತದೆ ಅಂತ ಅಲ್ಲಿ ಗೊತ್ತಾಯಿತು. ದರ, ತೂಕ, ಬಾಕಿ ಬಿಲ್ಲಿನ ಬಗ್ಗೆ ಅಷ್ಟು ಗಟ್ಟಿಯಾಗಿ ಮಾತಾಡುವ ನಮ್ಮ ಸಂಘಟನೆಗಳು ಇದನ್ನೂ ಕೈಗೆತ್ತಿಕೊಳ್ಳಲಿ ಅಂತ ಕೈಮುಗಿದು ಕೇಳುತ್ತೇನೆ. ಜಿಲ್ಲಾಧಿಕಾರಿಗಳು ಹಂಗಾಮಿಗೆ ಮುಂಚೆ ಕಾರ್ಖಾನೆಯವರ ಸಭೆ ಕರೆದಾಗ ಅದರಲ್ಲಿ ಇದೊಂದು ವಿಷಯ ಸೇರಿಸಲಿ. ಈ ವರ್ಷದ ಸಭೆ ಮುಗಿದಿದ್ದರೆ ಒಂದು ಸುತ್ತೋಲೆ ಹೊರಡಿಸಲಿ. ದೂರದಿಂದ ಕಬ್ಬು ಕಡಿಯಲು ಬರುವ ಗ್ಯಾಂಗಿನವರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಇದೇ ಟ್ರೇಲರ್‌ಗಳಲ್ಲಿ ರಾತ್ರಿ ಓಡಾಡುತ್ತಾರೆ, ಅವರನ್ನೂ ಸ್ವಲ್ಪ ನೆನೆಸಿಕೊಳ್ಳಿ.

ಹುಡುಗ ಈಗ ನಡೆಯುತ್ತಾನೆ. ಎಡಗಾಲು ಸ್ವಲ್ಪ ಎಳೆಯುತ್ತದೆ. ಚಳಿಗಾಲದಲ್ಲಿ ನೋವು ಜಾಸ್ತಿ ಅಂತ ಅವನ ತಾಯಿ ಸಂತೆಯಲ್ಲಿ ಸಿಕ್ಕಾಗ ಹೇಳಿದರು. ಏನು ಹೇಳಬೇಕು ಅಂತ ನನಗೆ ತಿಳಿಯಲಿಲ್ಲ.

ನಾವು ಕಬ್ಬು ಕಳಿಸುವ ಕಾರ್ಖಾನೆಯವರು ಈ ಪತ್ರ ಓದಿದರೆ, ನಮ್ಮ ಟ್ರೇಲರ್‌ನಿಂದಲೇ ಶುರು ಮಾಡಲಿ. ಗೇಟಿನಲ್ಲಿ ನಿಲ್ಲಿಸಿ, ಹಿಂದೆ ಹೋಗಿ ನೋಡಿ. ದೀಪ ಉರಿಯದಿದ್ದರೆ ವಾಪಸ್ ಕಳಿಸಿ, ನಾನು ಒಂದು ಮಾತು ಆಡುವುದಿಲ್ಲ.

ಇಂತಿ,
ಒಬ್ಬ ಕಬ್ಬು ಬೆಳೆಗಾರ
ಜಮಖಂಡಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ